ಪಲಾವಿಗೆ ಬಿದ್ದ ಕಿರೀಟ

ಹೆಂಡತಿಯ ಕಿರೀಟ ಕಿತ್ತು ಪಲಾವಿಗೆ ಹಾಕಿದವನು ಈ ಪರದೇಶದ ಲುಂಡ್ ಊರಿನಲ್ಲಿ ನಾನೊಬ್ಬನೇ ಇರಬೇಕು. ಕಿತ್ತದ್ದು ಎರಡೇ ಎಲೆ. ಶುಭಾ ಏಳು ಅನ್ನುತ್ತಾಳೆ. ನೆನಪು ಯಾವಾಗಲೂ ಆರೋಪಿಯ ಪರವಾಗಿಯೇ ಸಾಕ್ಷಿ ಹೇಳುತ್ತದಾದ್ದರಿಂದ ಸದ್ಯಕ್ಕೆ ನಾಲ್ಕು ಎಂದಿಟ್ಟುಕೊಳ್ಳಿ.

ಇಲ್ಲಿ ಡಾಕ್ಟರೇಟ್ ಪಡೆದವರ ತಲೆಗೆ ಲಾರೆಲ್ ಎಲೆಯ ಹಾರ ತೊಡಿಸುತ್ತಾರೆ. ನಿಜವಾದ ಹಸಿ ಎಲೆ, ನಮ್ಮ ಪಲಾವ್ ಎಲೆಯ ದೂರದ ನೆಂಟ. ಶುಭಾಳದು ಸಸ್ಯಶಾಸ್ತ್ರ. ಸಮಾರಂಭ ಮುಗಿಸಿ ಬಂದವಳು ಹಾರ ಬಾಡದಿರಲೆಂದು ಅದನ್ನು ಫ್ರಿಜ್ಜಿನಲ್ಲಿ, ಕೊತ್ತಂಬರಿ ಸೊಪ್ಪಿನ ಪಕ್ಕ ಇಟ್ಟಳು. ಮರುದಿನ ವಿಭಾಗದ ಗೋಡೆಗೆ ಹಾಕುವ ಫೋಟೊಗೆ ಅವಳು ಅದನ್ನು ಧರಿಸಿ ನಿಲ್ಲಬೇಕಿತ್ತು.

ಚರಿತ್ರೆಯೂ ಸ್ವಲ್ಪ ನನ್ನ ಕಡೆಗಿದೆ. ಗ್ರೀಕರ ದೇವರೊಬ್ಬ ಒಲ್ಲದ ಹುಡುಗಿಯ ಬೆನ್ನು ಹತ್ತಿದ. ಅವಳು ಲಾರೆಲ್ ಮರವಾದಳು. ಅವನು ನಾಚಿಕೆಯಿಲ್ಲದೆ ಅದರ ಎಲೆಯನ್ನೇ ಮುಡಿದು ಮೆರೆದ. ಆಮೇಲೆ ಕವಿಗಳು, ರೋಮಿನ ಸೇನಾಪತಿಗಳು ಎಲ್ಲರೂ ಮುಡಿದರು. ಸಿಡಿಲು ಈ ಗಿಡವನ್ನು ಮುಟ್ಟುವುದಿಲ್ಲವೆಂದೂ ನಂಬಿದರು. ತಲೆಗಿಂತ ಹೊಟ್ಟೆ ಮುಖ್ಯವೆಂದು ತಿಳಿದವರು ವೈದ್ಯರು ಮಾತ್ರ: ಅಜೀರ್ಣಕ್ಕೆ ಕಷಾಯ, ಕೀಲುನೋವಿಗೆ ಎಣ್ಣೆ. ನಾನು ವೈದ್ಯರ ಪಕ್ಷ.

ಆ ರಾತ್ರಿ ಊಟಕ್ಕೆ ಕೂತಾಗ, ಮಗಳ ಪದವಿ ನೋಡಲು ಬೆಂಗಳೂರಿನಿಂದ ಬಂದಿದ್ದ ಅತ್ತೆ ಪಲಾವ್ ಹೊಗಳಿದರು. ಆದರೆ ಸ್ವಲ್ಪ ನೋವಿನ ಮುಲಾಮಿನ ವಾಸನೆ ಬರುತ್ತಿದೆ ಎಂದೂ ಸೇರಿಸಿದರು. ಶುಭಾ ತಟ್ಟೆಯಿಂದ ಒಂದು ಎಲೆ ಎತ್ತಿ ದೀಪಕ್ಕೆ ಹಿಡಿದಳು.

“ಇದಕ್ಕೆ ನಡುವೆ ಒಂದೇ ನರ ಇದೆ. ನಮ್ಮ ಪಲಾವ್ ಎಲೆಗೆ ಉದ್ದಕ್ಕೂ ಮೂರಿರುತ್ತೆ. ಎಲ್ಲಿಂದ ತಂದೆ ಇದನ್ನ?”

ಡಬ್ಬಿಯಲ್ಲಿ ಪಲಾವ್ ಎಲೆ ಖಾಲಿಯಾಗಿತ್ತು ಎಂದೆ. ಇವತ್ತಿಗೂ ನನಗೆ ಹಾಗೇ ನೆನಪು. ಅವಳು ಎದ್ದು ಹೋಗಿ ಡಬ್ಬಿ ತಂದು ಮುಚ್ಚಳ ತೆಗೆದಳು. ಕಂಠಮಟ್ಟ ತುಂಬಿತ್ತು.

ಹಾಗಾದರೆ ಕಿತ್ತದ್ದೇಕೆ? ಅವಳ ಸಂಶೋಧನೆಗೆಂದು ಊರು ಬಿಟ್ಟು ಬಂದವನು ನಾನು. ಐದು ವರ್ಷ ನಮ್ಮ ಮಗಳನ್ನು ಶಿಶುವಿಹಾರಕ್ಕೆ, ಇಲ್ಲಿಯವರ ದಾಗಿಸ್‌ಗೆ, ಸೈಕಲ್ ಮೇಲೆ ಬಿಟ್ಟು ಕರೆತಂದವನು. ಆ ದಿನ ಸಭೆಯ ಕೊನೆಯ ಸಾಲಿನಲ್ಲಿ ಕೂತು, ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದ್ದೆ. ಅಸೂಯೆ ಎನ್ನಲು ಬಾಯಿ ಬರುವುದಿಲ್ಲ, ಹಸಿವು ಎನ್ನೋಣ.

ಬೆಳಿಗ್ಗೆ ಹಾರದಲ್ಲಿ ಬೋಳು ಜಾಗ ಎದ್ದು ಕಾಣುತ್ತಿತ್ತು. ಅದನ್ನು ತಲೆಯ ಹಿಂದಕ್ಕೆ ತಿರುಗಿಸಿದರೆ ಯಾರಿಗೂ ತಿಳಿಯದು ಎಂದು ತಗ್ಗಿದ ದನಿಯಲ್ಲಿ ಸಲಹೆ ಕೊಟ್ಟೆ. ಶುಭಾ ಕನ್ನಡಿಯ ಮುಂದೆ ನಿಂತು ಅದನ್ನು ಸರಿಯಾಗಿ ಹಣೆಯ ಮೇಲಕ್ಕೆ ತಂದುಕೊಂಡಳು.

“ಇಲ್ಲೇ ಇರ್ಲಿ. ಯಾರಾದ್ರೂ ಕೇಳಿದ್ರೆ, ಇದು ನನ್ನ ಗಂಡನ ಪಾಲು ಅಂತೀನಿ.”

ಈಗ ಫೋಟೊ ಗೋಡೆಯ ಮೇಲಿದೆ. ಕೇಳಿದವರಿಗೆಲ್ಲ ಅವಳು ಹಾಗೇ ಹೇಳುತ್ತಿದ್ದಾಳೆ. ಪಾಲು ಹೀಗೆ ಕೇಳದೆಯೇ ಸಿಗುತ್ತದೆಂದು ಗೊತ್ತಿದ್ದರೆ ಒಂದು ಮೂರು ಎಲೆಯಾದರೂ ಉಳಿಸುತ್ತಿದ್ದೆ, ನಾಲ್ಕೇ ಕೀಳುತ್ತಿದ್ದೆ.