ಆರೂಕಾಲಿಗೆ ಇಳಿಯುವ ಗೆರೆ

ಹೊಸ ಇಂಜಿನಿಯರಮ್ಮ ಉದ್ದಬೀದಿಗೆ ನೀರು ಬಿಡುವ ಹಿರಿಯರನ್ನು ಮೊದಲ ಸಲ ಕಂಡದ್ದು ನೀರು ಸರಬರಾಜು ಕಚೇರಿಯ ಹಿಂದಿನ ಉಗ್ರಾಣದಲ್ಲಿ. ಅವಳು ಕೆಲಸಕ್ಕೆ ಸೇರಿದ ನಾಲ್ಕನೆಯ ದಿನ, ಊಟದ ಬಿಡುವು ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಕುಳಿತು, ವಾಲ್ವ್ ತಿರುಗಿಸುವ, ಎದೆಮಟ್ಟಕ್ಕೆ ಬರುವ ಕಬ್ಬಿಣದ ಚಾವಿಯೊಂದನ್ನು ತೊಡೆಗಳ ನಡುವೆ ನಿಲ್ಲಿಸಿಕೊಂಡು ಅವರು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದರು. ಸೈಕಲ್ ಚೈನಿಗೆ ಸಿಕ್ಕದಿರಲೆಂದು ಬಲಗಾಲಿನ ಪ್ಯಾಂಟಿಗೆ ರಬ್ಬರ್ ಬ್ಯಾಂಡ್ ಹಾಕಿದ್ದರು. ಗಡಿಯಾರದ ಮುಖ ಮಣಿಕಟ್ಟಿನ ಒಳಬದಿಗಿತ್ತು. ಅವಳು ನಮೂನೆಯ ಕಾಗದ ಹಿಡಿದು, ಅವರ ವಾಲ್ವ್ ಪೂರ್ತಿ ತೆರೆಯಲು ಎಷ್ಟು ಸುತ್ತು ಬೇಕೆಂದು ಕೇಳಿದಳು.

"ನಲವತ್ತೆರಡು," ಎಂದರು. "ನಲವತ್ತೊಂದನೇದು ಸ್ವಲ್ಪ ಮೊಂಡು. ಅದನ್ನ ಬರ್ಕೊಳ್ಳೋಕೆ ಜಾಗ ಇದೆಯಾ ಮೇಡಂ?"

ಜಾಗವಿರಲಿಲ್ಲ. ಅವಳು ಅಂಚಿನಲ್ಲಿ ಬರೆದುಕೊಂಡಳು. ಅವಳ ಮನೆತನದಲ್ಲಿ ಪದವಿಯ ಮುಖ ಕಂಡವಳು ಅವಳೊಬ್ಬಳೇ. ನೀರೆಂದರೆ ಬಾವಿಯಿಂದ ಸೇದಿದಷ್ಟು ಎಂದುಕೊಂಡು ಬೆಳೆದವಳಿಗೆ ನೆಲದೊಳಗಿನ ನೀರಿಗೂ ಸುತ್ತಿನ ಲೆಕ್ಕವಿದೆ ಎಂಬುದೇ ಹೊಸದು.

ಅವರನ್ನು ಎಲ್ಲರೂ ಆರೂಕಾಲಣ್ಣ ಎನ್ನುತ್ತಿದ್ದರು. ಮೂವತ್ತೊಂದು ವರ್ಷಗಳಿಂದ ಬೆಳಿಗ್ಗೆ ಆರೂಕಾಲಿಗೆ ಸರಿಯಾಗಿ ಉದ್ದಬೀದಿಯ ತಲೆಯಲ್ಲಿರುವ ವಾಲ್ವ್ ತಿರುಗಿಸಿ ನೀರು ಬಿಡುವುದು, ಏಳೂವರೆಗೆ ನಿಲ್ಲಿಸುವುದು ಅವರ ಕೆಲಸ. ಮಗಳು ಹುಟ್ಟಿದ ದಿನ ಏಳು ನಿಮಿಷ ತಡವಾಗಿತ್ತಂತೆ. ಆ ಏಳು ನಿಮಿಷವನ್ನು ಬೀದಿಯವರು ಇನ್ನೂ ಆಡಿಕೊಳ್ಳುತ್ತಿದ್ದರು. ಕಟ್ಟಿಕೊಂಡ ಹೆಂಡತಿಯೂ ಸಿಟ್ಟು ಬಂದಾಗ "ಏನ್ರೀ ಆರೂಕಾಲು" ಎಂದೇ ಕರೆಯುತ್ತಿದ್ದಳು.

ಅವಳು ಬಂದ ಎರಡನೆಯ ತಿಂಗಳಲ್ಲಿ ಉದ್ದಬೀದಿಗೆ ದಿನವಿಡೀ ನೀರು ಕೊಡುವ ಹೊಸ ವ್ಯವಸ್ಥೆ ಶುರುವಾಯಿತು. ಅದನ್ನು ನೋಡಿಕೊಳ್ಳುವ ಹೊಣೆ ಅವಳದು. ವಾಲ್ವನ್ನು ಪೂರ್ತಿ ತೆರೆದು, ಅದರ ಗುಂಡಿಯ ಮುಚ್ಚಳಕ್ಕೆ ಬೀಗ ಹಾಕಿ, ಸೀಸದ ಮುದ್ರೆ ಒತ್ತಿದರು. ಮನೆಮನೆಗೆ ಕರಪತ್ರ ಹಂಚಿದರು. ಆರೂಕಾಲಣ್ಣ ಚಾವಿ ಒಪ್ಪಿಸಿದರು. ಒಂಬತ್ತಕ್ಕೆ ಬಂದು ಉಗ್ರಾಣದ ಬಾಗಿಲು ತೆಗೆಯುವುದಷ್ಟೇ ಇನ್ನು ಅವರ ಕೆಲಸವಾಯಿತು.

ಬೀದಿ ಸಂತೋಷಪಡುತ್ತದೆ ಎಂದು ಅವಳು ಕಾದಳು. ಬಂದದ್ದು ದೂರುಗಳು. ದೂರವಾಣಿ ಕೊಠಡಿಯ ಹುಡುಗಿ ತಲೆ ಹಿಡಿದುಕೊಂಡು ವರದಿ ಮಾಡಿದಳು: ನೀರು ಯಾವಾಗ ಬರುತ್ತದೆ ಎಂದು ಕೇಳುತ್ತಾರೆ, ಯಾವಾಗಲೂ ಇದೆ ಎಂದರೆ ಒಪ್ಪುವುದಿಲ್ಲ, ಇರಲಿ ಬಿಡಮ್ಮ, ಬರುವುದು ಎಷ್ಟಕ್ಕೆ ಹೇಳು ಎನ್ನುತ್ತಾರೆ. ಬೀದಿಯ ಕೊನೆಯ ಮನೆಯ ಮೂರನೆಯ ಮಹಡಿಯಲ್ಲಿದ್ದ ಟೀಚರಮ್ಮನದು ಬೇರೆಯೇ ಗೋಳು. ದಿನವೆಲ್ಲ ಬರುವ ನೀರು ಬೆಳಿಗ್ಗೆ ಸ್ನಾನದ ಹೊತ್ತಿಗೆ ಮಾತ್ರ ಮಾಯ.

ಇಂಜಿನಿಯರಮ್ಮ ಕಂಪ್ಯೂಟರಿನ ಮುಂದೆ ಕುಳಿತಳು. ನೀರಿನ ಒತ್ತಡ ತೋರಿಸುವ ಗೆರೆ ರಾತ್ರಿಯೆಲ್ಲ ನೆಟ್ಟಗಿರುತ್ತಿತ್ತು. ಬೆಳಿಗ್ಗೆ ಆರೂಕಾಲಿಗೆ ದಬಕ್ಕನೆ ಬೀಳುತ್ತಿತ್ತು, ಏಳು ದಾಟಿದ ಮೇಲೆ ಮೆಲ್ಲಗೆ ಏಳುತ್ತಿತ್ತು. ಪೈಪು ಸೋರುತ್ತಿದ್ದರೆ ಗಡಿಯಾರ ನೋಡಿಕೊಂಡು ಸೋರುತ್ತದೆಯೇ? ಅಗೆಸಿ ನೋಡಿದಳು, ಸೋರಿಕೆ ಇಲ್ಲ. ಪಂಪಿನವರನ್ನು ಕೇಳಿದಳು, ಪಂಪು ನಿಂತಿಲ್ಲ. ಓದಿದ ಪುಸ್ತಕಗಳನ್ನೆಲ್ಲ ಮತ್ತೆ ತಿರುವಿದಳು. ತಲೆಬುಡ ತಿಳಿಯಲಿಲ್ಲ.

ದೊಡ್ಡ ಸಾಹೇಬರಿಗೆ ತಿಳಿದುಹೋಯಿತು. ಗೆರೆಯ ಮೇಲೆ ಪೆನ್ನಿಟ್ಟು, ಆರೂಕಾಲಿಗೆ ವಾಲ್ವ್ ತಿರುಗಿಸುವವರು ಊರಲ್ಲಿ ಎಷ್ಟು ಜನರಿದ್ದಾರೆ ಎಂದು ಕೇಳಿದರು. ಕೆಲಸ ಕಿತ್ತುಕೊಂಡ ಹೊಟ್ಟೆಯುರಿ ಎಂಬುದು ಅವರ ಗುಮಾನಿ. ಮುದ್ರೆ ಮುರಿದಿಲ್ಲ ಎಂದು ಅವಳು ಹೇಳಿದರೆ, ಮೂವತ್ತೊಂದು ವರ್ಷ ಇಲ್ಲೇ ಇದ್ದವನಿಗೆ ಮುದ್ರೆ ಸಿಗುವುದು ಕಷ್ಟವೇ ಎಂದರು. ಅಷ್ಟರಲ್ಲಿ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಹಿಂದಿನ ಗುರುವಾರ ಗೆರೆ ಬಿದ್ದಿರಲೇ ಇಲ್ಲ. ಹಾಜರಿ ಪುಸ್ತಕ ತೆಗೆದರೆ, ಆರೂಕಾಲಣ್ಣ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದು ಅದೇ ಗುರುವಾರ.

ಸೋಮವಾರದೊಳಗೆ ವರದಿ ಕೊಡಿ, ಮನೆಗೆ ಕಳಿಸೋಣ ಎಂದರು ಸಾಹೇಬರು. ಆರೂಕಾಲಣ್ಣನ ನಿವೃತ್ತಿಗೆ ಇನ್ನು ಎರಡೇ ವರ್ಷ. ಕಳ್ಳನೆನಿಸಿಕೊಂಡು ಹೋಗಬೇಕೋ, ಮರ್ಯಾದೆಯಿಂದ ಹೋಗಬೇಕೋ ಎಂಬುದು ಈಗ ಅವಳ ಒಂದು ಹಾಳೆಯ ಮೇಲೆ ನಿಂತಿತ್ತು.

ಅವಳು ಉಗ್ರಾಣಕ್ಕೆ ಹೋಗಿ ನೇರವಾಗಿಯೇ ಕೇಳಿದಳು. "ಬೆಳಿಗ್ಗೆ ಉದ್ದಬೀದಿಗೆ ಹೋಗ್ತೀರಾ?"

"ಹೋಗ್ತೀನಿ."

"ವಾಲ್ವ್ ಮುಟ್ತೀರಾ?"

"ಚಾವಿ ನಿಮ್ಮ ಹತ್ರಾನೇ ಇದೆಯಲ್ಲ ಮೇಡಂ."

"ಮತ್ತೆ ಯಾಕೆ ಹೋಗ್ತೀರಾ?"

"ಗೊತ್ತಿಲ್ಲ. ಎಚ್ಚರ ಆಗ್ಬಿಡುತ್ತೆ. ಮನೇಲಿ ಕೂತ್ರೆ, ಹಿಂಗ್ಯಾಕೆ ಗೂಟದ ಥರ ಕೂತಿದ್ದೀರಿ ಅಂತಾಳೆ ಹೆಂಡ್ತಿ. ಸೈಕಲ್ ತಗೊಂಡು ಹೊರಟ್ರೆ ಅದು ಅಲ್ಲಿಗೇ ಹೋಗುತ್ತೆ."

ಸುಳ್ಳು ಹೇಳುವವರ ಮುಖವಲ್ಲ ಅದು. ಆದರೆ ಗೆರೆಯೂ ಸುಳ್ಳು ಹೇಳುವಂಥದ್ದಲ್ಲ. ಯಾರನ್ನು ನಂಬಬೇಕೆಂದು ತಿಳಿಯದೆ ಶನಿವಾರ ಬೆಳಿಗ್ಗೆ ಅವಳು ಆರಕ್ಕೇ ಉದ್ದಬೀದಿಗೆ ಹೋಗಿ, ಮುಚ್ಚಿದ ಅಂಗಡಿಯೊಂದರ ಮರೆಯಲ್ಲಿ ನಿಂತಳು. ಬೀದಿ ತಣ್ಣಗಿತ್ತು. ಆರೂಕಾಲಿಗೆ ಕರಕರ ಎನ್ನುವ ಸೈಕಲ್ ತಿರುವಿನಲ್ಲಿ ಕಾಣಿಸಿತು. ಮೊದಲ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ ಅಜ್ಜಿ ಒಳಗೆ ಮುಖ ಮಾಡಿ "ಬಂದ" ಎಂದಳು. ಅಷ್ಟೇ. ಎದುರು ಮನೆಯ ಕಿಟಕಿ ತೆರೆಯಿತು. ಡ್ರಮ್ಮುಗಳು ಉರುಳಿದವು, ಬಕೆಟ್ಟುಗಳು ಒಂದಕ್ಕೊಂದು ಬಡಿದುಕೊಂಡವು, ಬೀದಿಯ ಉದ್ದಕ್ಕೂ ನಲ್ಲಿಗಳು ಒಟ್ಟಿಗೇ ಭೋರೆಂದವು. ಆರೂಕಾಲಣ್ಣ ಗುಂಡಿಯ ಪಕ್ಕ ಸೈಕಲ್ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು, ಎರಡು ನಿಮಿಷ ಸುಮ್ಮನೆ ನಿಂತು ಹೊರಟುಹೋದರು. ಮುಚ್ಚಳವನ್ನು ಬಗ್ಗಿ ಕೂಡ ನೋಡಲಿಲ್ಲ.

ಅವಳು ಅಜ್ಜಿಯ ಬಳಿಗೆ ಹೋದಳು. ಅಜ್ಜಿ ನಿನ್ನೆಯ ಡ್ರಮ್ಮಿನ ನೀರನ್ನು ಚರಂಡಿಗೆ ಬಗ್ಗಿಸುತ್ತಿದ್ದಳು. ದಿನವಿಡೀ ನೀರಿದೆಯಲ್ಲ ಅಜ್ಜಿ ಎಂದು ಕೇಳಿದರೆ, ಗೊತ್ತು, ಆ ಕಾಗದವನ್ನು ಹಿಟ್ಟಿನ ಡಬ್ಬದ ತಳಕ್ಕೆ ಹಾಸಿದ್ದೇನೆ ಎಂದಳು.

"ಮತ್ತೆ ಎಲ್ಲರೂ ಈಗಲೇ ಯಾಕೆ ತುಂಬಿಸ್ತೀರಿ?"

"ಅವನು ಬಂದ್ಮೇಲೆ ಬರೋದು ಹೊಸ ನೀರು ತಾಯಿ. ಉಳಿದ ಹೊತ್ತಲ್ಲಿ ಬರೋದು ಯಾವತ್ತಿನದೋ ಯಾರಿಗೆ ಗೊತ್ತು?"

ಕೊನೆಯ ಮನೆಯ ಮೂರನೆಯ ಮಹಡಿಗೆ ಹತ್ತಿದಳು. ಟೀಚರಮ್ಮನ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕೆಳಗಿನ ನಲ್ಲಿಗಳೆಲ್ಲ ಒಟ್ಟಿಗೇ ಎಳೆದುಕೊಂಡರೆ ಇಷ್ಟು ಮೇಲಕ್ಕೆ ನೀರು ಹತ್ತುವುದಾದರೂ ಹೇಗೆ?

ಭಾನುವಾರ ಆರೂಕಾಲಿನ ಬದಲು ಹತ್ತು ಗಂಟೆಗೆ ಉದ್ದಬೀದಿಗೆ ಬನ್ನಿ ಎಂದು ಅವಳು ಆರೂಕಾಲಣ್ಣನಿಗೆ ಹೇಳಿದಳು. ಯಾಕೆಂದು ಹೇಳಲಿಲ್ಲ. ತಾನು ಆರರಿಂದಲೇ ಗುಂಡಿಯ ಮುಚ್ಚಳದ ಮೇಲೆ ಸ್ಟೂಲು ಹಾಕಿಕೊಂಡು ಕುಳಿತಳು. ಆರೂಕಾಲು ಕಳೆಯಿತು. ಬೀದಿ ಬಾಗಿಲಿಗೆ ಬಂದು, ಕತ್ತು ಚಾಚಿ, ಇವಳನ್ನು ನೋಡಿ, ಮತ್ತೆ ಒಳಗೆ ಹೋಯಿತು. ದೂರವಾಣಿ ಕೊಠಡಿಗೆ ನಲವತ್ತು ಕರೆ ಬಂದವಂತೆ: ಆರೂಕಾಲಣ್ಣನಿಗೆ ಹುಷಾರಿಲ್ಲವೇ, ಇವತ್ತು ನೀರಿಲ್ಲವೇ? ಹತ್ತಕ್ಕೆ ಸೈಕಲ್ ಬಂತು. ಡ್ರಮ್ಮುಗಳು ಉರುಳಿದವು. ಗೆರೆ ಹತ್ತಕ್ಕೆ ಬಿತ್ತು.

ಸೋಮವಾರ ಸಾಹೇಬರು ಎರಡೂ ದಿನದ ಗೆರೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಮುಚ್ಚಳದ ಮೇಲೆ ನೀವೇ ಕೂತಿದ್ದಿರಾ ಎಂದು ಎರಡು ಸಲ ಕೇಳಿದರು. ಆಮೇಲೆ ಕನ್ನಡಕ ತೆಗೆದರು. "ಹಾಗಾದ್ರೆ ಫೈಲಲ್ಲಿ ಏನಂತ ಬರೀಲಿ? ಈ ಮನುಷ್ಯನೇ ವಾಲ್ವ್ ಅಂತ್ಲಾ?"

ಗುಮಾನಿ ಅಳಿಯಿತು. ಸಿಹಿಸುದ್ದಿ ಎಂದುಕೊಂಡು ಅವಳು ಉಗ್ರಾಣಕ್ಕೆ ಓಡಿ, ಗೆರೆ ತೋರಿಸಿ, ನಡೆದದ್ದನ್ನೆಲ್ಲ ಹೇಳಿದಳು. ಆರೂಕಾಲಣ್ಣ ಗೆರೆಯನ್ನು ಬೆರಳಿಂದ ಹಿಂಬಾಲಿಸಿ, ಅದು ಬೀಳುವ ಕಡೆ ಬೆರಳು ನಿಲ್ಲಿಸಿದರು. ತಮ್ಮ ಮೇಲೆ ಅನುಮಾನವಿತ್ತೆಂಬುದು ಅವರ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

"ಅಂದ್ರೆ, ಟೀಚರಮ್ಮನಿಗೆ ನೀರು ಹೋಗ್ದೇ ಇದ್ದಿದ್ದು ನನ್ನಿಂದಲಾ?"

ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು. ಇನ್ನು ಆ ಕಡೆ ಹೋಗಲೇಬೇಡಿ ಎನ್ನುವುದು ಸುಲಭವಿತ್ತು. ಆದರೆ ಕರಪತ್ರ ಡಬ್ಬದ ತಳ ಸೇರಿತ್ತು, ಅವಳ ಮಾತನ್ನು ಬೀದಿ ಕೇಳುತ್ತಿರಲಿಲ್ಲ. ಬೀದಿ ನಂಬುತ್ತಿದ್ದದ್ದು ಇವರೊಬ್ಬರನ್ನೇ. ಹಾಗಾಗಿ ಹೋಗಿ, ಆದರೆ ದಿನಕ್ಕೊಂದು ಹೊತ್ತಿಗೆ ಹೋಗಿ, ಬೀದಿಯಲ್ಲಿ ನಿಲ್ಲದೆ ಮನೆಯೊಳಗೆ ಹೋಗಿ, ನೀರು ಯಾವಾಗಲೂ ಇರುತ್ತದೆಂದು ನೀವೇ ತೋರಿಸಿ ಎಂದಳು. ಸಾಹೇಬರಿಂದ ಅಪ್ಪಣೆಯನ್ನೂ ಬರೆಸಿದಳು.

ಮೊದಲ ವಾರ ಬೀದಿಗೆ ದಿಕ್ಕೇ ತೋಚಲಿಲ್ಲ. ಅವರು ಹನ್ನೊಂದಕ್ಕೆ ಬಂದರೂ ಡ್ರಮ್ಮು, ಮೂರಕ್ಕೆ ಬಂದರೂ ಡ್ರಮ್ಮು. ನಾಲ್ಕನೆಯ ವಾರಕ್ಕೆ ಜನ ಸುಸ್ತಾಗಿ, ಡ್ರಮ್ಮು ಬಿಟ್ಟು, ಬೇಕಾದಾಗ ನಲ್ಲಿ ತಿರುಗಿಸತೊಡಗಿದರು. ಟೀಚರಮ್ಮನ ಕರೆಗಳು ನಿಂತವು. ಎಲ್ಲ ಹೊತ್ತಿನ ನೀರೂ ಹೊಸದೇ ಎಂದು ಅಜ್ಜಿ ಮಾತ್ರ ಇವತ್ತಿನವರೆಗೂ ಒಪ್ಪಿಲ್ಲ. ಒಪ್ಪಿಸುವ ಬಗೆ ಇಂಜಿನಿಯರಮ್ಮನಿಗೂ ಹೊಳೆದಿಲ್ಲ.

ಆರೂಕಾಲಣ್ಣ ಈಗ ದಿನಕ್ಕೆ ಎಂಟು ಮನೆಗಳಿಗೆ ಹೋಗುತ್ತಾರೆ. ನಲ್ಲಿಗೆ ಮಾಪಕ ಹಚ್ಚಿ ಒತ್ತಡ ನೋಡುತ್ತಾರೆ, ಮನೆಯವರ ದೂರನ್ನು ಕೇಳಿ ನಮೂನೆಯಲ್ಲಿ ಬರೆಯುತ್ತಾರೆ, ಸಂಜೆ ಐದಕ್ಕೆ ಅದನ್ನು ದೂರವಾಣಿ ಕೊಠಡಿಗೆ ಕೊಡುತ್ತಾರೆ.