ಸತ್ತವನು ಎದ್ದು ಬಂದ ಭಾನುವಾರ

ಟೀವಿಯಲ್ಲಿ ಮೆಚ್ಚಿನ ಹೀರೋ ಸತ್ತರೂ ಮಗಳು ಚಿಪ್ಸ್ ತಿನ್ನುತ್ತಲೇ ಇದ್ದಳು. "ಮುಂದಿನ ಸೀಸನ್ನಲ್ಲಿ ಎದ್ದು ಬರ್ತಾನೆ ಬುಡಪ್ಪ" ಎಂದಳು.

ನಾನು ಹುಡುಗನಾಗಿದ್ದಾಗಿನ ಪಿರಿಯಾಪಟ್ಟಣದ ನಮ್ಮ ಜಗಲಿ ನೆನಪಾಯಿತು. ಭಾನುವಾರ ಅವ್ವ ಒಣಗಿಸಲೆಂದು ಕಡ್ಡಿಗೆ ಹಸಿ ಹೊಗೆಸೊಪ್ಪು ಕಟ್ಟುತ್ತಾ, ಬಾಗಿಲಿನಾಚೆಯ ಟೀವಿಯಲ್ಲಿ ಅಂತರಿಕ್ಷದ ಧಾರಾವಾಹಿ ನೋಡುತ್ತಿದ್ದಳು. ನೌಕೆ ನಡೆಸುವ ಹುಡುಗ ಅದರಲ್ಲಿ ಸತ್ತ ವಾರ ನಮ್ಮ ಮನೆಯಲ್ಲಿ ಬಾಡೂಟವಾಗಲಿಲ್ಲ. ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡ ನನ್ನಣ್ಣನದೂ ಅದೇ ವಯಸ್ಸು, ಅದೇ ನಗು.

ಕೆಲವು ವಾರಗಳಲ್ಲೇ ಆ ಹುಡುಗ ಯಾವುದೋ ಯಂತ್ರದೊಳಗಿಂದ ನಗುತ್ತಾ ಎದ್ದು ಬಂದ. ನಾನು ಕುಣಿದಾಡಿದೆ. ಅವ್ವ ಅಂಟುಗೈಯಲ್ಲೇ ಟೀವಿ ಆರಿಸಿದಳು.

"ಸಾಯ್ಸೋದೂ ಆಟ, ಬದುಕ್ಸೋದೂ ಆಟ ಇವ್ರಿಗೆ. ನನ್ ಮಗ ಇಂಗೆ ಎದ್ ಬಂದ್ನೇನ್ಲಾ?"

ಟೀವಿ ಗುಂಡಿಯ ಮೇಲೆ ಸೊಪ್ಪಿನ ಅಂಟು ಕಪ್ಪಗೆ ಉಳಿದೇಹೋಯಿತು.

ಇವತ್ತು ನಾನೂ ಎದ್ದು ಟೀವಿ ಆರಿಸಿದೆ.

"ಕಥೆ ತಾನೇ ಅಪ್ಪಾ?" ಎಂದಳು ಮಗಳು.