ಬಾವಿಗೆ ಬಿದ್ದ ಮಗನ ಕಥೆಗೆ ನಾನು ಸೇರಿಸಿದ್ದು

ಸಾವಾದ ಮನೆಯಲ್ಲಿ ಹೆಂಗಸರನ್ನು ಕೂಡಿಸಿಕೊಂಡು ಪೈಗಂಬರರ ಕಥೆ ಹೇಳುವುದು ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮೊದಲು ನನ್ನ ಅತ್ತೆಯ ಕೆಲಸವಾಗಿತ್ತು. ಆಕೆ ಸತ್ತ ಮೇಲೆ ನನಗೆ ಬಂತು. ನನ್ನ ಓದು ಅಷ್ಟಕ್ಕಷ್ಟೇ. ಆಕೆ ಹೇಳಿದ್ದನ್ನೇ ಬಾಯಿಪಾಠ ಮಾಡಿದ್ದೆ. ಒಂದು ಮಾತು ಮಾತ್ರ ಆಕೆ ಬಿಗಿಯಾಗಿ ಹೇಳುತ್ತಿದ್ದಳು:

“ಕುರ್‌ಆನ್ ಎಲ್ಲಿ ಸುಮ್ಮನಾಗ್ತದ, ಅಲ್ಲಿ ನೀನೂ ಸುಮ್ಮನಾಗು. ಅಲ್ಲಾ ಬಿಟ್ಟ ಜಾಗಾದಾಗ ನಿನ್ನ ಒಗ್ಗರಣಿ ಹಾಕಬ್ಯಾಡ.”

ನಾನು ಹಾಕಿದೆ. ಕೇಳುವವರು ಅಳಲಿ ಎಂಬ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅಣ್ಣಂದಿರು ಬಾವಿಗೆ ಹಾಕಿದ ಮಗನ ಕಥೆಯಲ್ಲಿ ಅಪ್ಪ ಅತ್ತು ಅತ್ತು ಕಣ್ಣು ಕಳೆದುಕೊಳ್ಳುತ್ತಾನೆ, ಕೊನೆಗೆ ಮಗ ಸಿಗುತ್ತಾನೆ. ಆ ಮನೆಯಲ್ಲಿ ಕಳೆದ ವರ್ಷಗಳನ್ನು ಕುರ್‌ಆನ್ ಒಂದೇ ಹೆಜ್ಜೆಗೆ ದಾಟುತ್ತದೆ. ಅಲ್ಲಿ ನಾನೊಬ್ಬ ತಾಯಿಯನ್ನು ತಂದು ಕೂಡಿಸಿದೆ. ದಿನಾ ಮಗನ ಪಾಲಿನ ರೊಟ್ಟಿ ಮುಚ್ಚಿಟ್ಟು ಬಾಗಿಲು ನೋಡುವ ತಾಯಿ.

ಹೋದ ಮಳೆಗಾಲದಲ್ಲಿ ರಾಜೂರಿನ ಕಡಲೆ ವ್ಯಾಪಾರಿಯೊಬ್ಬ ನರಗುಂದದಿಂದ ಬರುವಾಗ ಬೆಣ್ಣೆಹಳ್ಳದಲ್ಲಿ ಬೈಕ್ ಸಮೇತ ಕೊಚ್ಚಿಹೋದ. ದಂಡೆಯಲ್ಲಿದ್ದವರು ಕಣ್ಣಾರೆ ಕಂಡಿದ್ದರು. ಬೈಕ್ ಸಿಕ್ಕಿತು, ಹೆಣ ಸಿಗಲಿಲ್ಲ. ಅವನ ತಾಯಿ ನನ್ನನ್ನು ಕರೆಸಿದಳು. ನಾನು ವಿಚಾರ ಮಾಡದೆ ಅದೇ ಕಥೆ ಹೇಳಿ ಬಂದೆ.

ಎರಡು ತಿಂಗಳಾದ ಮೇಲೆ ಸತ್ತವನ ಹೆಂಡತಿ ನನ್ನ ಮನೆಗೆ ಬಂದಳು.

“ಖಾಲಾ, ನಮ್ಮತ್ತಿ ದಿನಾ ಎರಡು ರೊಟ್ಟಿ ಮುಚ್ಚಿ ಇಡತಾಳ. ಸತ್ತವರ ಹೆಸರಿಲೆ ಫಾತಿಹಾ ಮಾಡೂಣು ಅಂದ್ರ ಮೈಮ್ಯಾಲೆ ಬರತಾಳ. ಗಂಡ ಸತ್ತಾಕಿ ಮನಿ ಹಿಡದು ಇದ್ದತ್ ಕೂಡಬೇಕು, ಅದಕ್ಕೂ ಬಿಡವಲ್ಲಳು, ತವರಿಗೆ ಹೋಗಾಕೂ ಬಿಡವಲ್ಲಳು. ನಾ ಗಂಡ ಇದ್ದಾಕಿನೋ, ಸತ್ತಾಕಿನೋ? ನೀನ ಹಚ್ಚಿದ ಬೆಂಕಿ, ನೀನ ಆರಸು.”

ರಾಜೂರಿಗೆ ಹೋದೆ. ತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಮಹಾಪೂರದ ಪೈಗಂಬರರ ಕಥೆ ತೆಗೆದೆ. ಅಪ್ಪ ನಾವೆಯಿಂದ ಕೂಗುತ್ತಾನೆ, ಮಗ ಗುಡ್ಡ ಹತ್ತುತ್ತೇನೆ ಅನ್ನುತ್ತಾನೆ, ನಡುವೆ ತೆರೆ ಬರುತ್ತದೆ. ಅಷ್ಟೇ.

“ಮುಂದ?”

“ಮುಂದ ಏನಿಲ್ಲ. ನೀರು ಇಳೀತು.”

“ಅಂವಾ ಅಪ್ಪನ ಮಾತು ಕೇಳದ ಕಾಫರ್. ನನ್ನ ಮಗಾ ಐದ್ಹೊತ್ತಿನ ನಮಾಜಿ. ಏ ಮುದುಕಿ, ಯಾರ ಕಥಿ ಯಾರಿಗೆ ಹೇಳಾಕ ಬಂದಿ?”

ಆಕೆಯ ಮಾತು ಖರೇ. ಆ ಮಗ ಮುಳುಗಿದ್ದಕ್ಕೆ ಕಥೆಯಲ್ಲಿ ಕಾರಣವಿದೆ. ಕಾರಣ ಬಿಟ್ಟು ನೀರಷ್ಟನ್ನೇ ಎತ್ತಿಕೊಂಡು ಬರಲಾಗದು.

“ರೊಟ್ಟಿ ಮುಚ್ಚಿಟ್ಟ ತಾಯಿ ಕುರ್‌ಆನ್‌ದಾಗ ಇಲ್ಲವ್ವಾ,” ಅಂದೆ. “ನಾ ಸೇರಿಸಿದ್ದು.”

ಮೊರ ನಿಂತಿತು.

“ಮತ್ತ ಆ ತಾಯಿ ಏನ ಮಾಡಿದ್ಲು?”

“ಕಡೀಕ ಮಗಾ ಸಿಕ್ಕಾಗ ಅಪ್ಪನ ಸಂಗಡ ಬಂದು ಕುಂತಳು ಅಂತ ಅಷ್ಟ ಕುರ್‌ಆನ್‌ದಾಗ ಐತಿ. ನಡುವ ಏನ ಮಾಡಿದ್ಲೋ, ಹೇಳಿಲ್ಲ.”

“ಆದ್ರ ಅಪ್ಪಾ ಕಾದಾನಲ್ಲ.”

“ಮಗಾ ಜೀವಂತ ಅದಾನಂತ ಅವಗ ಅಲ್ಲಾನ ಕಡಿಂದ ಗೊತ್ತಿತ್ತು. ನಿನಗ ಹೇಳಿದಾಕಿ ನಾನು.”

ಆಕೆ ಅಳಲಿಲ್ಲ. ಬಹಳ ಹೊತ್ತು ಜೋಳದೊಳಗಿನ ಹರಳು ಆರಿಸಿದಳು. ಆಮೇಲೆ ಸೊಸೆಯನ್ನು ಕರೆದು, “ಜಮಾತಿನವರಿಗೆ ಹೇಳಿ ಕಳಸು. ಶುಕ್ರವಾರ ಫಾತಿಹಾ,” ಅಂದಳು. ನನ್ನ ಕಡೆ ನೋಡದೆ, “ಈಕಿ ಬರೂದು ಬ್ಯಾಡ,” ಅಂದಳು.

ನಾನು ಹೋಗಲಿಲ್ಲ. ಸೊಸೆ ಇದ್ದತ್ ಕುಳಿತಳೆಂದು ಬಸ್ಸಿನಲ್ಲಿ ಯಾರೋ ಹೇಳಿದರು.